ಬಳೆಯ ಮೇಲೆ ಕಟ್ಟಿದ ಪಟ್ಟಿ

ಆ ಆರು ಕಾರ್ಡುಗಳು ಕೆಟ್ಟದ್ದು ತನ್ನ ಕೈಯಿಂದಲೇ ಎಂಬ ಚಿಂತೆ ಹದಿನೈದು ದಿನಗಳಿಂದ ನೀಲಾಂಬಿಕಾಳನ್ನು ಬಿಟ್ಟಿರಲಿಲ್ಲ. ಮಗಳು ಇಂಚರಾಳಿಗೆ ಅನ್ನ ಕಲಸುವಾಗಲೂ ಅದೇ, ಮೂಗು ಒರೆಸುವಾಗಲೂ ಅದೇ.

ಧಾರವಾಡದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದ ಅವಳಿಗೆ, 2017ರ ಚಳಿಗಾಲದಲ್ಲಿ, ಕೆನಡಾದ ಯೂನಿಯನ್‌ವಿಲ್ ಹತ್ತಿರದ ವರ್ಕ್‌ಶಾಪೊಂದರಲ್ಲಿ ಕೆಲಸ ಕೊಡಿಸಿದವಳು ಬೆಳಗಾವಿಯ ವಸಂತಾ. ಸರ್ವರ್ ಕಂಪ್ಯೂಟರನ್ನು ಸ್ಟೋರೇಜ್ ನೆಟ್‌ವರ್ಕಿಗೆ ಜೋಡಿಸುವ ಅಂಗೈಯಗಲದ ಕಾರ್ಡುಗಳನ್ನು ಹಳೆಯ ಯಂತ್ರಗಳಿಂದ ಬಿಚ್ಚಿ, ಒರೆಸಿ, ಪರೀಕ್ಷಿಸಿ ಮತ್ತೆ ಮಾರಾಟಕ್ಕೆ ಕಳಿಸುವ ಕೆಲಸ. ಒಣ ಚಳಿಯಲ್ಲಿ ಸ್ವೆಟರ್ ಮುಟ್ಟಿದರೂ ಚಟ್ಟನೆ ಕಿಡಿ ಹಾರುತ್ತದೆ. ಅದು ತಗುಲಿದ ಕಾರ್ಡು ಅಂದು ಪಾಸಾಗಿ, ತಿಂಗಳ ಮೇಲೆ ಸಾಯಬಹುದು. ಅದಕ್ಕೇ ಮಣಿಕಟ್ಟಿಗೆ, ಮೈಯ ಕರೆಂಟನ್ನು ನೆಲಕ್ಕಿಳಿಸುವ ತಂತಿಯ ಪಟ್ಟಿ. ಅದು ಚರ್ಮಕ್ಕೆ ತಾಕಿರಲೇಬೇಕು.

ಜನವರಿಯಲ್ಲಿ ಮಿಲ್ಟನ್ನಿನಲ್ಲಿ ನಾದಿನಿಯ ಕುಬಸ. ಬಂದ ಮುತ್ತೈದೆಯರಿಗೆಲ್ಲ ಕೈತುಂಬ ಹಸಿರು ಗಾಜಿನ ಬಳೆ ತೊಡಿಸಿದರು. ಮರುದಿನ ಕೆಲಸಕ್ಕೆ ಹೋದಾಗ ಅವನ್ನು ಬಿಚ್ಚಲು ಮನಸ್ಸಾಗಲಿಲ್ಲ. ಬಸುರಿಗೆ ಏನಾದರೂ ಕೆಡುಕಾದರೆ ಎಂಬ ಅಳುಕು. ಪಟ್ಟಿಯನ್ನು ಬಳೆಗಳ ಮೇಲೆಯೇ ಕಟ್ಟಿ, ಕಾಣದಂತೆ ಸ್ವೆಟರಿನ ತೋಳನ್ನು ಕೆಳಗೆಳೆದು ಕೂತಳು. ಹೊಸಬಳಾದ ಅವಳಿಗಿನ್ನೂ ಲಾಗಿನ್ ಬಂದಿರಲಿಲ್ಲ. ಅವಳು ಪರೀಕ್ಷಿಸಿದ ಕಾರ್ಡುಗಳೂ ವಸಂತಾಳ ಹೆಸರಿನಲ್ಲೇ ದಾಖಲಾಗುತ್ತಿದ್ದವು.

ಫೆಬ್ರವರಿಯಲ್ಲಿ ಗಿರಾಕಿಯ ಹತ್ತಿರ ಅಂದಿನ ಆರು ಕಾರ್ಡುಗಳು ಒಂದೊಂದಾಗಿ ಕೈಕೊಟ್ಟವು. ಸೂಪರ್‌ವೈಸರ್ ಲೋಕೇಶ ದಾಖಲೆ ನೋಡಿ ವಸಂತಾಳನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ.

"ಇಪ್ಪತ್ತು ವರ್ಷ ರೊಟ್ಟಿ ಬಡದ ಕೈಗೆ ಈಗ ಕರೆಂಟ್ ಬಂದದಂತ ನೋಡವಾ," ಎಂದು ವಸಂತಾ ನಗುತ್ತಲೇ ಡಬ್ಬಿ ಎತ್ತಿಕೊಂಡಳು. "ನೀ ಯಾಕ ಮಾರಿ ಸಣ್ಣ ಮಾಡ್ತಿ? ಕೂಸಿನ್ನ ನೋಡ್ಕೋ ಹೋಗು."

"ವಸಂತಕ್ಕ..." ಎಂದ ನೀಲಾಂಬಿಕಾ ಅವಳ ಕೋಟನ್ನು ಎತ್ತಿಕೊಟ್ಟಳು.

ಮನೆಯಲ್ಲಿ ಗಂಡ ನಿಜಗುಣನ ಕಾಂಟ್ರ್ಯಾಕ್ಟ್ ಕೆಲಸವೂ ಮುಗಿದಿತ್ತು. ಅವಳು ಬಳೆಯ ವಿಷಯ ಹೇಳಿದಾಗ ಅವನು, "ಸುಮ್ನ ಕೂಡು. ನಿನ್ನ ಜಾಬೂ ಹೋದ್ರ ಮನಿ ಬಾಡಿಗಿ ಯಾರು ಕೊಡ್ತಾರ, ನಿಮ್ಮ ವಸಂತಕ್ಕನ?" ಎಂದ. ಅವಳು ಸುಮ್ಮನೆ ಕೂತಳು. ಸುಮ್ಮನೆ ಕೂರುವುದು ಇಷ್ಟು ಸುಲಭವೆಂದು ಅವಳಿಗೆ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ವಸಂತಾಳ ವಾಯ್ಸ್ ಮೆಸೇಜು ಬಂತು. "ಬ್ರ್ಯಾಂಪ್ಟನ್ ವೇರ್‌ಹೌಸಿನಾಗ ಬಾಕ್ಸ್ ಎತ್ತೂದು ಹಿಡದೀನಿ, ನೀಲಾ. ಟೆಸ್ಟಿಂಗ್ ಕೆಲಸಕ್ಕ ಎರಡು ಕಡೆ ಹೋಗಿದ್ದೆ, ಲೋಕೇಶಗ ಫೋನ್ ಮಾಡಿ ಕೇಳಿ ಬ್ಯಾಡ ಅಂದ್ರು. ಸೊಂಟ ಬ್ಯಾರೆ ಹಿಡದದ. ಇಂಚರಾಗ ಕೆಮ್ಮು ಕಡಿಮಿ ಆತೇನು?"

ಕೊನೆಯ ಪ್ರಶ್ನೆಯನ್ನು ನೀಲಾಂಬಿಕಾ ಮೂರು ಸಲ ಕೇಳಿದಳು. ಆಮೇಲೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಲೋಕೇಶನಿಗೆ ಫೋನ್ ಮಾಡಿ, ಬಳೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು.

ಲೋಕೇಶ ತನ್ನ ಬೆಂಗಳೂರು ಕನ್ನಡದಲ್ಲಿ ರೇಗಿದ. "ಏನ್ ಮೇಡಂ ಇದು, ಅವತ್ತೇ ಹೇಳ್ಬಾರ್ದಿತ್ತಾ? ಅವರ ಜಾಗಕ್ಕೆ ಬೇರೆಯವರು ಬಂದಾಯ್ತು."

"ರೆಕಾರ್ಡಿನಾಗಿಂದ ಅವರ ಹೆಸರಾದ್ರೂ ತಗೀರಿ."

"ತೆಗೆದು ಯಾರ ಹೆಸರು ಹಾಕ್ಲಿ? ಮ್ಯಾನೇಜ್‌ಮೆಂಟು ಕೇಳತ್ತೆ. ನಾಳೆ ನಿಮಗೂ ಇದೇ ಆಗತ್ತೆ, ಯೋಚನೆ ಮಾಡಿ."

ಹೊರಗೆ ನಿಜಗುಣ ಬಾಗಿಲು ಬಡಿಯುತ್ತಿದ್ದ.

"ನಂದು ಹಾಕ್ರಿ," ಎಂದಳು ನೀಲಾಂಬಿಕಾ.