ಲಿನ್ ಎಂಬ ಹೆಂಗಸು ಇರಲಿಲ್ಲ

ನನ್ನ ಎಂ.ಎ. ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಲಿನ್ ಎಂಬ ಚೀನಾದ ನೇಕಾರ ಹೆಂಗಸು ಎಲ್ಲಿಯೂ ಇರಲಿಲ್ಲ. ಅವಳನ್ನು ಹುಟ್ಟಿಸಿದವಳು ನಾನು. ಅವಳ ಬಾಯಿಂದ ಆಡಿಸಿದ ಮಾತುಗಳು ಮಾತ್ರ ನಿಜ — ಅವು ಬನಹಟ್ಟಿಯ ನನ್ನ ಚಿಗವ್ವನವು. ಅಪ್ಪನ ತಮ್ಮನ ಹೆಂಡತಿ, ನನ್ನನ್ನು ಎತ್ತಿ ಆಡಿಸಿದವಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಕದ್ದದ್ದು ಸಾಕು.

ದಿಲ್ಲಿಯಲ್ಲಿ ನಾನು ಓದಿದ್ದು ಇಂದಿನ ಚೀನಾದ ಸಮಾಜ ಮತ್ತು ಸಂಸ್ಕೃತಿ. ನೇಕಾರರ ಮನೆಯ ಹುಡುಗಿ ಚೀನೀ ಭಾಷೆ ಕಲಿತಳೆಂದು ಓಣಿಗೆಲ್ಲ ಬೆರಗು. ನನಗೆ ಅದಕ್ಕಿಂತ ಹೆಚ್ಚು ಜಂಬ. ಒಂದೇ ಮಗು ಎಂಬ ಕಾನೂನಿದ್ದ ಕಾಲದಲ್ಲಿ, ಅಲ್ಲಿನ ನೇಯ್ಗೆಯ ಊರುಗಳಲ್ಲಿ, ಹೆತ್ತ ಹೆಣ್ಣುಕೂಸನ್ನು ಗುಟ್ಟಾಗಿ ಬೇರೆಯವರಿಗೆ ಕೊಟ್ಟ ತಾಯಂದಿರ ಬಗ್ಗೆ ಬರೆಯುತ್ತೇನೆಂದು ಹೊರಟೆ. ಆ ವರ್ಷ ಕೊರೊನಾ ಬಂದು ಗಡಿಗಳು ಮುಚ್ಚಿದವು, ಹೋಗಲಾಗಲಿಲ್ಲ. ಫೋನಿನಲ್ಲಿ ಸಿಕ್ಕ ಇಬ್ಬರು ಹೆಂಗಸರು ಹವೆ, ಊಟ ಎಂದು ಎರಡು ಮಾತಾಡಿ ಮತ್ತೆ ಎತ್ತಲೇ ಇಲ್ಲ. ಗುರುತಿಲ್ಲದ ಹುಡುಗಿಗೆ ಅಂಥದ್ದನ್ನು ಯಾರು ಹೇಳುತ್ತಾರೆ? ನನ್ನ ಗೈಡ್ ಪುಟ ತಿರುವಿ, ಇದರಲ್ಲಿ ಕಾನೂನಿದೆ, ಮನುಷ್ಯರೆಲ್ಲಿ ಎಂದು ಕೇಳಿದರು.

ಅದೇ ಹೊತ್ತಿಗೆ ಊರಿಗೆ ಬಂದೆ. ನಮ್ಮ ಕಡೆ ಮಗ್ಗಗಳು ನಡೆಯುವಾಗ ಏನೂ ಕೇಳಿಸುವುದಿಲ್ಲ. ತುಟಿ ನೋಡಿಯೇ ಮಾತು ತಿಳಿದುಕೊಳ್ಳುವುದು ಎಲ್ಲರಿಗೂ ರೂಢಿ. ಹಾಗಾಗಿ ಗುಟ್ಟಿನ ಮಾತಿದ್ದರೆ ಹೆಂಗಸರು ಮಗ್ಗದ ಸದ್ದಿನಲ್ಲೇ ಆಡುತ್ತಾರೆ, ಎದುರಿಗೆ ಕೂತವಳಿಗೆ ಮಾತ್ರ. ನಾನು ಆ ಚೀನಾದ ತಾಯಂದಿರ ಸಂಗತಿ ಹೇಳಿದೆ. ಕಂಡಿಕೆಗೆ ನೂಲು ಸುತ್ತುತ್ತಿದ್ದ ಚಿಗವ್ವ ಅದನ್ನು ಕೆಳಗಿಟ್ಟಳು. ಆಮೇಲೆ ಮುಖ ನನ್ನ ಕಡೆ ತಿರುಗಿಸಿದಳು.

ಮೂರನೆಯದೂ ಹೆಣ್ಣಾದಾಗ ಅವಳ ಗಂಡ, ನನ್ನ ಕಾಕಾ, ಆ ಕೂಸನ್ನು ಅನಗವಾಡಿಯ ಮಕ್ಕಳಿಲ್ಲದ ಗಂಡಹೆಂಡಿರಿಗೆ ಕೊಟ್ಟುಬಿಟ್ಟಿದ್ದ. ಊರಲ್ಲಿ, ಕೂಸು ಸತ್ತಿತು ಎಂದರು. ಕೆಲವೇ ದಿನಕ್ಕೆ ಚಿಗವ್ವ ಮತ್ತೆ ಕೈಮಗ್ಗಕ್ಕೆ ಕೂತಳು.

"ಎದಿ ಹಾಲು ಸೋರಿ ಮಗ್ಗದ ಮ್ಯಾಲಿನ ಸೀರಿಗೆ ಕಲಿ ಬಿತ್ತು," ಎಂದವು ಅವಳ ತುಟಿಗಳು. "ಎಣ್ಣಿ ಬಿತ್ತಂತ ಹೇಳಿದೆ."

ಬೇರೆ ಯಾರಿಗೂ ಹೇಳಿರಲಿಲ್ಲ. ಅದೇ ವಾರ ಅದನ್ನೆಲ್ಲ ಲಿನ್‌ಳ ಬಾಯಿಗೆ ಹಾಕಿ ಬರೆದೆ. ಹಿಂಜರಿಕೆಯಾಯಿತು ಎಂದು ಬರೆಯುವ ಆಸೆಯಿದೆ, ಆದರೆ ಆಗಲಿಲ್ಲ. ಪರೀಕ್ಷಕರು ಆ ಹಾಲಿನ ಸಾಲನ್ನೇ ಎತ್ತಿ ಹೊಗಳಿದರು.

ಇಲ್ಲಿಗೇ ನಿಂತಿದ್ದರೆ — ಆದರೆ ನಿಲ್ಲಲಿಲ್ಲ. ಜಮಖಂಡಿಯ ಕಾಲೇಜೊಂದರಲ್ಲಿ ಉಪನ್ಯಾಸಕ್ಕೆ ಕರೆದರು. ಚಿಗವ್ವ ಹೊಸ ಸೀರೆಯುಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತಳು. ನನ್ನ ಪುಸ್ತಕದಂಥ ಕನ್ನಡ ಅವಳಿಗೆಲ್ಲಿ ತಿಳಿಯುತ್ತದೆ ಎಂದುಕೊಂಡು ಪ್ರಬಂಧದ ಆ ಪುಟಗಳನ್ನೇ ಕನ್ನಡಕ್ಕೆ ತಿರುಗಿಸಿ ಓದಿದೆ. ಎಂಥ ಸೊಕ್ಕು ನನ್ನದು. ಬಸ್ ನಿಲ್ದಾಣಕ್ಕೆ ನಡೆಯುವಾಗ ಅವಳು ನನ್ನ ಕೈ ಹಿಡಿದುಕೊಂಡಳು.

"ಎಣ್ಣಿ ಬಿತ್ತಂತ ಆಕೀನೂ ಹೇಳಿದ್ಳು, ನೋಡು," ಎಂದಳು. "ನಾ ಒಬ್ಬಾಕೀನ ಅನ್ಕೊಂಡಿದ್ದೆ ಯವ್ವಾ. ಈಗ ಹ್ಯಾಂಗ ಅದಾಳ ಆಕಿ?"

ಅವಳಿಗೆ ಅನುಮಾನವೇ ಬರಲಿಲ್ಲ. ಆಗ ಹೇಳಬಹುದಿತ್ತು. "ಆರಾಮ ಅದಾಳ ಚಿಗವ್ವ," ಎಂದೆ.

ಅಂದಿನಿಂದ ನಾನು ಊರಿಗೆ ಬಂದಾಗಲೆಲ್ಲ ಅವಳ ಮೊದಲ ಮಾತು ಲಿನ್‌ಳದೇ. ಮೊಣಕಾಲು ನೋವಂತೆ, ಬರೀ ಬಿಸಿನೀರು ಕುಡಿಯುತ್ತಾಳಂತೆ — ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಒಂದು ದಿನ ತಡೆದು ತಡೆದು ಕೇಳಿದಳು, "ಆಕೀ ಮಗಳು ಸಿಕ್ಕಳೇನ?" ಚಿಗವ್ವನ ಮುಖ ಅರಳುವುದನ್ನು ನೋಡಬೇಕೆನಿಸಿತು ನನಗೆ. ಸಿಕ್ಕಳು, ತಾಯಿಯನ್ನು ಒಳಗೆ ಕರೆದು ಉಣಿಸಿದಳು ಎಂದುಬಿಟ್ಟೆ.

ಮರುವಾರವೇ ಅವಳು ಚೀಲ ಹಿಡಿದು ನಿಂತಳು. "ಅನಗವಾಡಿಗೆ ಹೋಗೂಣ ನಡಿ." ಕಾಕಾ ಆಗಲೇ ತೀರಿಕೊಂಡಿದ್ದ, ದೊಡ್ಡ ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆ ಸೇರಿದ್ದರು, ಬೇಡ ಎನ್ನುವವರು ಮನೆಯಲ್ಲಿ ಯಾರೂ ಇರಲಿಲ್ಲ. ನಾನೊಬ್ಬಳು ಅನ್ನಬಹುದಿತ್ತು.

ಆ ಮಗಳು ನನಗಿಂತ ದೊಡ್ಡವಳು. ಚಿಗವ್ವನದೇ ಹಣೆ, ಅದೇ ಗಲ್ಲ. ಚಿಗವ್ವ ಯಾರೆಂದು ನಾನು ಹೇಳಿದ ಮೇಲೆ ಮಗಳು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಕಟ್ಟೆಯ ಮೇಲಿಟ್ಟಳು.

"ನಮ್ಮವ್ವ ತೀರಿಕೊಂಡಾಳ್ರಿ," ಎಂದಳು. "ಇನ್ನೊಬ್ಬಾಕಿ ಅವ್ವ ನನಗ ಬ್ಯಾಡ್ರಿ. ನೀರ ಕುಡದು ಹೋಗಿಬರ್ರಿ."

ಚಿಗವ್ವ ನೀರು ಕುಡಿದಳು. ಪೂರ್ತಿ ಕುಡಿದು ತಂಬಿಗೆ ಕೆಳಗಿಟ್ಟು ಎದ್ದಳು. ಬಸ್ಸು ಬೀಳಗಿ ದಾಟಿತು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು:

"ಆ ಚೀನಾದಾಕೀಗೆ ಖರೆ ಹೇಳಬ್ಯಾಡ ಯವ್ವಾ. ನನ್ನ ಮಗಳೂ ಒಳಗ ಕರದ್ಳು, ಉಣಿಸಿ ಕಳಿಸಿದ್ಳು ಅಂತ ಹೇಳು. ಇಲ್ಲಂದ್ರ ಪಾಪ, ಆಕಿ ನೊಂದ್ಕೋತಾಳ."

"ಹೇಳ್ತೀನಿ," ಎಂದೆ.

ಈಗ ಚಿಗವ್ವ ಇಲ್ಲ. ಆ ಅಧ್ಯಾಯ ಸುಳ್ಳೆಂದು ನನ್ನ ಗೈಡ್‌ಗೆ ಪತ್ರ ಬರೆದಿದ್ದೇನೆ. ಪದವಿ ಉಳಿಯುತ್ತದೋ ಹೋಗುತ್ತದೋ, ಅದು ಅವರಿಗೆ ಬಿಟ್ಟದ್ದು. ಅದರ ಭಯವಿಲ್ಲ. ನನ್ನನ್ನು ಕಾಡುವುದು ಅವಳ ಕೊನೆಯ ವಾರ. ಹಾಸಿಗೆ ಹಿಡಿದಿದ್ದಳು, ದನಿ ಪೂರ್ತಿ ಹೋಗಿತ್ತು. ನಾನು ಬಗ್ಗಿ ಅವಳ ತುಟಿಗಳನ್ನು ಓದಿದೆ.

"ಆಕೀಗೆ ಹೇಳಿದೇನ? ಏನಂದ್ಳು?"

ಇನ್ನೂ ಸಮಯವಿತ್ತು. ಮನೆಯಲ್ಲಿ ನಾವಿಬ್ಬರೇ ಇದ್ದೆವು.

"ಭಾಳ ಖುಷಿ ಪಟ್ಟಳು ಚಿಗವ್ವ," ಎಂದೆ.