ಆ ವರ್ಷದ ಬೇವು

ಮೊನ್ನೆ ಮೊಮ್ಮಗ ಊಟಕ್ಕೆ ಕೂತಾಗ ಬಿಯರ್ ಬಾಟಲಿಯ ಮುಚ್ಚಳ ತೆಗೆದ. ಅವನೂ ಅವನ ಗೆಳೆಯನೂ ಯಾವ ದೇಶದ ಬಿಯರ್ ಚಲೋ ಎಂದು ವಾದಕ್ಕಿಳಿದಿದ್ದರು. ಈ ವಯಸ್ಸಿನಲ್ಲಿ ನನಗೇಕೆ ಆ ಉಸಾಬರಿ ಎಂದು ತಟ್ಟೆ ಎತ್ತಿಕೊಂಡು ಏಳುವವಳಿದ್ದೆ. ಅಷ್ಟರಲ್ಲಿ ವಾಸನೆ ಬಂತು. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಜೋಳ ಮೊಳಕೆಯೊಡೆದಾಗ ಬರುವ ವಾಸನೆ... ಮತ್ತೆ ಕೂತುಬಿಟ್ಟೆ.

ಗಜೇಂದ್ರಗಡದ ನಮ್ಮ ಓಣಿಯಲ್ಲಿ, ನಮ್ಮ ಹಿತ್ತಲಿನ ಗೋಡೆಯಾಚೆ ಇದ್ದವರನ್ನು ಎಲ್ಲರೂ ಮಿಲಿಟರಿ ಕಾಕಾ ಎನ್ನುತ್ತಿದ್ದರು. ನಾನು ರೋಣದಿಂದ ಸೊಸೆಯಾಗಿ ಹೋಗಿ ಎರಡು ವರ್ಷವಾಗಿತ್ತು. ಮುಂಜಾನೆಯಿಂದ ಸಂಜೆಯವರೆಗೆ ರಾಟೆಯ ಮುಂದೆ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದು ನನ್ನ ಪಾಲಿನ ಕೆಲಸ. ಬಾಗಿಲಲ್ಲಿ ನಿಂತರೆ ಅತ್ತೆ ಕೆಮ್ಮುತ್ತಿದ್ದರು. ನೀರಿಗೆ ಹೊರಟರೆ ನಾದಿನಿ ಹಿಂದೆಯೇ ಬರುತ್ತಿದ್ದಳು. ಗಂಡನೋ, ಮಗ್ಗದ ಗುಂಡಿಯಿಂದ ಏಳುತ್ತಿದ್ದುದು ಊಟಕ್ಕೆ ಮಾತ್ರ. ಆ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ಹಿತ್ತಲಿನ ಮೋಟು ಗೋಡೆಯೊಂದೇ ನನ್ನ ಕಿಟಕಿ. ಅದರಾಚೆ ಕಾಕಾ ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದರು. ನಾನು ಪಾತ್ರೆ ತಿಕ್ಕುತ್ತಿದ್ದೆ, ಅವರು ಮಾತಾಡುತ್ತಿದ್ದರು.

ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಅವರು ಜರ್ಮನಿಯ ಒಬ್ಬ ಮುದುಕನ ಹೊಲದಲ್ಲಿ ದುಡಿದಿದ್ದರಂತೆ. ಮುದುಕ ಹಬ್ಬಕ್ಕೊಮ್ಮೆ ಬಿಯರ್ ಕೊಡುತ್ತಿದ್ದ. ಜೊತೆಗಿದ್ದ ಇಂಗ್ಲಿಷ್ ಕೈದಿಗಳು ಇದೇನು ನೀರು ಎಂದು ಮೂಗು ಮುರಿಯುತ್ತಿದ್ದರು. ಅವರಿಗೆ ತಮ್ಮೂರಿನ ಕಪ್ಪು ಬಿಯರೇ ಆಗಬೇಕು. ಪಂಜಾಬಿ ಗೆಳೆಯನಿಗೆ ರಮ್ ಬಿಟ್ಟರೆ ಬೇರೆಲ್ಲ ಕಷಾಯ.

"ಒಬ್ಬೊಬ್ಬರ ನಾಲಿಗಿ ಅವರವರ ದೇಶದಾಗ ಹುಟ್ಟಿರ್ತದ, ಯವ್ವಾ. ನಾನೂ ಮೊದಲ ಸಲ ಉಗುಳಿಬಿಟ್ಟೆ."

"ಮತ್ತ ಆಮ್ಯಾಲ ಹ್ಯಾಂಗ ಸೇರ್ತ್ರಿ, ಕಾಕಾ?"

"ಅದರ ವಾಸನಿ. ನಮ್ಮವ್ವ ಅಂಬಲಿಗೆ ಜ್ವಾಳ ಮೊಳಕಿ ಕಟ್ಟತಿದ್ಲಲ್ಲ, ಥೇಟ್ ಅದ. ಅಲ್ಲಿ ಕುಡದ್ರ ಗಜೇಂದ್ರಗಡಕ್ಕ ಬಂದಂಗ ಆಗತಿತ್ತು. ಈಗ ಇಲ್ಲೇ ಅದೀನಿ, ಯಾರರ ಜ್ವಾಳ ನೆನಿ ಹಾಕಿದ್ರ ಜೀವ ಆ ಹೊಲಕ್ಕ ಓಡ್ತದ. ಸೆರಿಯಿಂದ ಬಿಟ್ಟಾರಂತ ಹೇಳ್ತಾರ... ಎಲ್ಲಿ ಬಿಟ್ಟಾರ?"

ಆಗ ನಮ್ಮದು ಮುಂಬೈ ರಾಜ್ಯ, ದಾರೂಬಂದಿಯ ಕಾಲ, ಕುಡಿಯುವುದೂ ಮಾಡುವುದೂ ಅಪರಾಧ. ಕುಡಿಯಲು ಪರವಾನಗಿ ಬೇಕೆಂದರೆ ತಾನು ಕುಡಿತದ ಚಟದವನು ಎಂದು ಒಪ್ಪಿಕೊಂಡು ಬರೆದುಕೊಡಬೇಕು ಎಂದು ಯಾರೋ ಹೇಳಿದ್ದರಂತೆ. "ಜರ್ಮನ್ನರ ಮುಂದೂ ನಾ ಸುಳ್ಳು ಬರಕೊಟ್ಟಿಲ್ಲ. ಕುಡುಕ ಅಂತ ಸಹಿ ಮಾಡಲ್ಯಾ?" ಎಂದು ಕಾಕಾ ಆ ವಿಚಾರ ಕೈಬಿಟ್ಟಿದ್ದರು.

ಒಂದು ದಿನ ಗೋಡೆಯ ಮೇಲೆ ಜೋಳದ ಗಂಟು ಇಟ್ಟು, ಮೊಳಕೆ ಕಟ್ಟಿ ಕೊಡುತ್ತೀಯೇನು ಎಂದು ಕೇಳಿದರು. ಬಿಯರ್ ಮಾಡಲಿಕ್ಕೆ ಎಂಬುದನ್ನು ಮುಚ್ಚಿಡಲಿಲ್ಲ. ಅವರ ಹೆಂಡತಿ ಕಾಕು ಮನೆಯ ಗಡಿಗೆ ಗಡಿಗೆಯನ್ನೂ ಮೂಸುವ ಹೆಂಗಸು. ನಾನು ಒಪ್ಪಿದೆ. ಯಾಕೆ ಒಪ್ಪಿದೆನೆಂದು ಈಗ ಹೇಳಬಲ್ಲೆ: ಆ ಎರಡು ವರ್ಷದಲ್ಲಿ ಎಲ್ಲರೂ ನನಗೆ ಹೇಳುವವರೇ, ಕೇಳಿದವರು ಅವರೊಬ್ಬರೇ.

ಮೊಳಕೆ ಬರಿಸಿ, ಮಾಳಿಗೆಯ ಮೇಲೆ ಒಣಗಿಸಿ, ಬೀಸಿ, ಅವರು ಹೇಳಿದಂತೆ ಕುದಿಸಿದೆ. ಅತ್ತೆ ಅಂಬಲಿಗೆಂದುಕೊಂಡರು. ಜರ್ಮನಿಯಲ್ಲಿ ಅದೇನೋ ಕಹಿ ಹೂ ಹಾಕುತ್ತಾರಂತೆ. "ನಮ್ಮಲ್ಲಿ ಕಹಿ ಹೂವಿಗೆ ಬರ ಐತೇನು?" ಎಂದು ಕಾಕಾ ತಲೆಯ ಮೇಲಿನ ಗಿಡದಿಂದಲೇ ಬೇವಿನ ಹೂ ಉದುರಿಸಿ ಕೊಟ್ಟರು. ಹೊಸ ಗಡಿಗೆಯಲ್ಲಿ ತುಂಬಿ ಹಿತ್ತಲಿನ ಒಲೆಗೆ ಉರಿಸುವ ಕುಳ್ಳಿನ ರಾಶಿಯ ಹಿಂದೆ ಮುಚ್ಚಿಟ್ಟೆ. ಕಿವಿಗೊಟ್ಟರೆ ಒಳಗೆ ಸಣ್ಣಗೆ ಗುಳುಗುಳು ಎನ್ನುತ್ತಿತ್ತು.

ನಾವಿಬ್ಬರೂ ಮರೆತದ್ದು ಒಂದೇ, ಯುಗಾದಿ ಬಂದಿತ್ತು. ನಮ್ಮ ಕಡೆ ಯುಗಾದಿಯ ಬೇವನ್ನು ತಿನ್ನುವುದಿಲ್ಲ, ಕುಡಿಯುತ್ತೇವೆ. ಹೊಸ ಗಡಿಗೆಯ ನೀರಿಗೆ ಬೇವಿನ ಹೂ, ಬೆಲ್ಲ, ಪುಟಾಣಿ ಹಿಟ್ಟು ಕಲಸಿ, ಮನೆಮನೆಗೆ ಹೋಗಿ ಒಬ್ಬರದ್ದೊಬ್ಬರು ಕುಡಿಯುವುದು ಪದ್ಧತಿ. ನಾನು ಜಳಕ ಮಾಡಿ ಬರುವುದರೊಳಗೆ, ಕುಳ್ಳು ತರಲು ಹೋದ ಅತ್ತೆಗೆ ಹೂ ತೇಲುವ ಹೊಸ ಗಡಿಗೆ ಸಿಕ್ಕಿತ್ತು. ಬೆಲ್ಲ, ಹಿಟ್ಟು ಬಿದ್ದಾಗಿತ್ತು, ದೇವರ ಮುಂದೆ ಇಟ್ಟೂ ಆಗಿತ್ತು. "ನಮ್ಮ ಸೊಸಿ ಶಾಣ್ಯಾಕಿ ನೋಡ್ರಿ, ರಾತ್ರೀನ ಬೇವು ಮಾಡಿಟ್ಟಾಳ," ಎಂದು ಅಂಗಳದಲ್ಲಿ ಹಂಚುತ್ತಿದ್ದರು. ಆ ಮನೆಯಲ್ಲಿ ನನ್ನನ್ನು ಹೊಗಳಿದ್ದು ಅದೇ ಮೊದಲು.

ಬಾಯಿಬಿಟ್ಟರೆ ಸಂಜೆಯ ಬಸ್ಸಿಗೆ ಟ್ರಂಕಿನ ಸಮೇತ ತವರಿಗೆ. ಅಲ್ಲಿ ಇಬ್ಬರು ತಂಗಿಯರು ಮದುವೆಗೆ ಬಂದು ನಿಂತಿದ್ದರು.

ಓಣಿಯವರೆಲ್ಲ ಕುಡಿದು ಈ ಸಲದ ಬೇವು ಭಾಳ ಚಲೋ ಆಗೇದ ಎಂದರು. ಕಾಕಾ ಬಂದರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಆ ಮುಖವನ್ನು ನಾನು ಮರೆತಿಲ್ಲ. ಊರು ಮುಟ್ಟಿದವರ ಮುಖ ಅದು. ಅದೇ ಹೊತ್ತಿಗೆ ಓಣಿಯ ಕೊನೆಯ ಮನೆಯ ಪೊಲೀಸ್ ಹವಾಲ್ದಾರರು ಮೂರನೇ ಲೋಟ ಇಳಿಸಿ, ತುಟಿ ಒರೆಸಿಕೊಂಡು, ಗಡಿಗೆಯೊಳಗೆ ಬಗ್ಗಿ ನೋಡಿದರು.

"ಇದನ್ನ ಯಾರ್ ಮಾಡ್ಯಾರ್ರಿ?"

ಅತ್ತೆ ಹೆಮ್ಮೆಯಿಂದ ನನ್ನತ್ತ ಕೈ ಮಾಡಿದರು.

"ನಾ ಮಾಡೀನ್ರಿ," ಎಂದರು ಕಾಕಾ. "ನಾ ಕುಡುಕ. ಮನ್ಯಾಗ ಬೈತಾರಂತ ಗ್ವಾಡಿ ದಾಟಿಸಿ ಇಲ್ಲಿ ಇಟ್ಟಿದ್ದೆ. ಆ ಹುಡುಗಿಗೆ ಏನೂ ಗೊತ್ತಿಲ್ಲ."

ಯಾವ ಮಾತಿಗೆ ಸಹಿ ಮಾಡಲು ಒಪ್ಪಿರಲಿಲ್ಲವೋ ಅದನ್ನು ನನಗಾಗಿ ಇಡೀ ಓಣಿಯ ಮುಂದೆ ಹೇಳಿದರು. ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ, ಅಷ್ಟೇ. ಗಡಿಗೆಯ ಸಮೇತ ಅವರನ್ನು ರೋಣದ ಕೋರ್ಟಿಗೆ ಕರೆದೊಯ್ದರು. ಬೇವು ಕುಡಿಯುವುದರಲ್ಲಿ ಸೊಸೆಯರ ಪಾಳಿ ಕೊನೆಯದು. ನನಗೆ ಒಂದು ಗುಟುಕೂ ಉಳಿದಿರಲಿಲ್ಲ.

ತಿಂಗಳ ಮೇಲೆ ತಿರುಗಿ ಬಂದರು. ಅಷ್ಟರೊಳಗೆ ಅತ್ತೆ ಗೋಡೆಯನ್ನು ಆಳೆತ್ತರ ಏರಿಸಿದ್ದರು. ಕೆಲವು ಸಂಜೆ ಆಚೆಯಿಂದ ಕೆಮ್ಮು ಕೇಳುತ್ತಿತ್ತು, ನಾನಿದ್ದೇನೋ ಇಲ್ಲವೋ ಎಂದು ನೋಡುವ ಕೆಮ್ಮು. ನಾನು ಪಾತ್ರೆ ಸದ್ದಾಗದಂತೆ ತಿಕ್ಕುತ್ತಿದ್ದೆ. ಆ ಕುಡುಕ ನಮ್ಮ ದೇವರನ್ನು ಮೈಲಿಗೆ ಮಾಡಿದ ಎಂದು ಅತ್ತೆ ಸಾಯುವವರೆಗೂ ಅನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಮುಂದೆ ರಾಜ್ಯ ಬದಲಾಯಿತು, ಬಹಳ ವರ್ಷದ ಮೇಲೆ ದಾರೂಬಂದಿಯೂ ಹೋಯಿತು. ಅಂಗಡಿ ತೆರೆಯುವ ಹೊತ್ತಿಗೆ ಕಾಕಾ ಇರಲಿಲ್ಲ...

"ಯಾಕಬೇ ಅಜ್ಜಿ, ಹಂಗ ನೋಡಾಕತ್ತಿ?" ಮೊಮ್ಮಗ ಲೋಟ ಮುಂದೆ ಹಿಡಿದು ನಕ್ಕ. "ಇದನ್ನ ಎಂದರ ಕುಡದೀಯೇನು?"

"ಕುಡದಿಲ್ಲೋ," ಎಂದೆ. "ಮಾಡೀನಿ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಆ ಒಂದು ಮಾತನ್ನು ನಾನು ಅಂದು, ಆ ಅಂಗಳದಲ್ಲಿ ಹೇಳಬೇಕಾಗಿತ್ತು.