ಅಕ್ಬರಸಾಬ ಬಣ್ಣ ಕೆರೆಯದೆ ಬಿಟ್ಟ ಜಾಗ

ಡ್ರೈವರ್ ಅಂದಾನೆಪ್ಪನಿಗೆ ಇಪ್ಪತ್ತೆರಡು ದಿನದ ಪಗಾರ, ಮೂವತ್ಮೂರು ರೂಪಾಯಿ, ಇನ್ನೂ ಬರಬೇಕು. ಅದನ್ನು ಕೊಡದೆ ಇಟ್ಟುಕೊಂಡವನು ಗಜೇಂದ್ರಗಡದ ಹತ್ತಿ ವ್ಯಾಪಾರಿ ಪ್ರಭುಲಿಂಗಪ್ಪ. ಇಟ್ಟುಕೊಳ್ಳಲು ಅವನಿಗೊಂದು ನೆವ ಕೊಟ್ಟವನು ರೋಣದ ಮೋಟಾರು ಮಿಸ್ತ್ರಿ ಅಕ್ಬರಸಾಬ.

ಅಕ್ಬರಸಾಬ ಕೆಟ್ಟವನಲ್ಲ. ಮೊದಲು ಬಂಡಿಯ ಅಚ್ಚು ಬಡಿದ, ಆಮೇಲೆ ಹಿಟ್ಟಿನ ಗಿರಣಿಯ ಇಂಜಿನ್ ಬಿಚ್ಚಿದ, ಕೊನೆಗೆ ಬಸ್ಸು ನಿಲ್ಲುವ ಬೇವಿನ ಗಿಡದ ಕೆಳಗೆ ತಗಡು ಹೊದಿಸಿಕೊಂಡು ಮೋಟಾರು ರಿಪೇರಿಗೆ ಕೂತ. ಸಪ್ಪಳ ಕೇಳಿಯೇ ಇಂಜಿನ್ನಿನ ರೋಗ ಹೇಳುತ್ತಿದ್ದ. ಅದರ ಸೊಕ್ಕು ಅವನಿಗಿತ್ತು.

ಸಾವಿರದೊಂಬೈನೂರ ಐವತ್ಮೂರರ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಎರಡೇ ದಿನ ಇದ್ದಾಗ ಪ್ರಭುಲಿಂಗಪ್ಪ ತನ್ನ ಮೋಟಾರು ಕಳಿಸಿದ. ಪೂಜೆಯ ದಿನ ಅದು ಮಿಂಚಬೇಕಿತ್ತು. ಅಕ್ಬರಸಾಬ ಮುಂದಿನ ಎರಡೂ ದೀಪ ಬಿಚ್ಚಿ, ಅವು ಕೂರುವ ಜಾಗಕ್ಕೂ ಎರಡು ಕೈ ಕರೀ ಬಣ್ಣ ಬಳಿದ. ಒಣಗಿದ ಮೇಲೆ ದೀಪ ಕೂರಿಸಿ ಬೋಲ್ಟು ಬಿಗಿದ. ಮೋಟಾರಿಗೆ ಕುಂಕುಮ ಹಚ್ಚಿದರು, ಕುಂಬಳಕಾಯಿ ಒಡೆದರು.

ತಿಂಗಳಾಗುವುದರೊಳಗೆ ಅಂದಾನೆಪ್ಪ ಬಂದ. ಚಿಕ್ಕನರಗುಂದದ ಹುಡುಗಾಟದ ಆಳು.

"ಸಾಬರ, ಎಡಗಡೆ ದೀಪ ಆರತೈತ್ರಿ. ಒಮ್ಮೆ ಹತ್ತತೈತಿ, ಒಮ್ಮೆ ಇಲ್ಲ."

ಅಕ್ಬರಸಾಬ ದೀಪದ ತಲೆಯ ಮೇಲೆ ಎಡಗೈ ಊರಿ, ಬಗ್ಗಿ ನೋಡಿದ. ಅದು ಅವನ ರೂಢಿ. ದೀಪ ಝಗಝಗ ಉರಿಯಿತು. ಬಲ್ಬು ಬದಲಿಸಿದ. ಎಂಟು ದಿನಕ್ಕೆ ಅಂದಾನೆಪ್ಪ ಮತ್ತೆ ಬಂದ. ಈ ಸಲ ತಂತಿ ಬದಲಿಸಿದ. ಮೂರನೆಯ ಸಲವೂ ಅದೇ ಕೈ, ಅದೇ ಊರುವುದು, ದೀಪ ಉರಿಯಿತು.

"ಇದಕ್ಕ ನಿಮ್ಮ ಅಂಜಿಕಿ ಐತ್ರಿ ಸಾಬರ," ಎಂದು ಅಂದಾನೆಪ್ಪ ನಕ್ಕ. "ನೀವು ಮುಟ್ಟಿದ್ರ ಹತ್ತತೈತಿ, ಊರ ದಾಟಿದ್ರ ಆರತೈತಿ."

"ಹಂಗಾದ್ರ ನನ್ನ ದೀಪದ ಮ್ಯಾಲ ಕುಂದ್ರಿಸ್ಕೊಂಡು ಹೋಗಪಾ. ಪೆಟ್ರೋಲ್ ಖರ್ಚರ ಉಳೀತೈತಿ."

ಇಬ್ಬರೂ ನಕ್ಕರು. ಉತ್ತರ ಆ ನಗೆಮಾತಿನಲ್ಲೇ ಇತ್ತು. ಇಬ್ಬರಿಗೂ ಹೊಳೆಯಲಿಲ್ಲ.

ಸಂಕ್ರಮಣ ಕಳೆದ ಮೇಲೆ ಒಂದು ಸಂಜೆ ಕತ್ತಲಾಗುವ ಹೊತ್ತಿಗೆ ಅಂದಾನೆಪ್ಪ ಪ್ರಭುಲಿಂಗಪ್ಪನನ್ನು ಕೂರಿಸಿಕೊಂಡು ನರಗುಂದದ ಪೇಟೆಯಿಂದ ಮರಳುವಾಗ, ಅಸೂಟಿಯ ಹತ್ತಿರ ಎಡಗಡೆ ದೀಪ ಆರಿತು. ಮೋರಿಯ ಅಂಚು ಕಾಣದೆ ಮೋಟಾರು ತಗ್ಗಿಗೆ ವಾಲಿತು. ಪ್ರಭುಲಿಂಗಪ್ಪನ ಹೆಗಲಿನ ಎಲುಬು ಮುರಿಯಿತು. ಹೊಲದಿಂದ ಓಡಿಬಂದವರು ನೋಡಿದರೆ, ಮಣ್ಣಿನ ದಿಬ್ಬಕ್ಕೆ ಒತ್ತಿಕೊಂಡು ಅದೇ ದೀಪ ಚಲೋ ಉರಿಯುತ್ತಿತ್ತು.

ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು ಪ್ರಭುಲಿಂಗಪ್ಪ ಅಕ್ಬರಸಾಬನನ್ನು ಗಜೇಂದ್ರಗಡದ ಅಂಗಡಿಗೆ ಕರೆಸಿದ. ಅಂದಾನೆಪ್ಪ ಮೂಲೆಯಲ್ಲಿ ನಿಂತಿದ್ದ.

"ಏ ಅಕ್ಬರಸಾಬ, ಖರೇ ಹೇಳು. ದೀಪದಾಗ ಏನರ ಐಬ ಐತೇನು? ಇಂವಾ ತೂಕಡಿಸಿ ಸುಳ್ಳ ಹೇಳಾಕತ್ಯಾನೇನು?"

ಅಂದಾನೆಪ್ಪ ಅವನ ಮುಖವನ್ನೇ ನೋಡುತ್ತಿದ್ದ. 'ನನಗ ತಿಳೀವಲ್ದು' ಎಂದರೆ ಸಾಕಿತ್ತು. ಅಷ್ಟು ಹೇಳಲು ಅಕ್ಬರಸಾಬನ ಸೊಕ್ಕು ಬಿಡಲಿಲ್ಲ.

"ಮೂರ ಸರ್ತಿ ನೋಡೇನ್ರಿ ಸಾವ್ಕಾರ್ರ. ದೀಪದಾಗ ಏನೂ ಇಲ್ರಿ."

ಅಂದೇ ಅಂದಾನೆಪ್ಪನ ಕೆಲಸ ಹೋಯಿತು. ಆ ತಿಂಗಳು ದುಡಿದಷ್ಟು ದಿನದ ಪಗಾರವನ್ನು ಸಾಹುಕಾರ ರಿಪೇರಿಗೆಂದು ಹಿಡಿದುಕೊಂಡ. ಸುಳ್ಳುಗಾರ ಎಂಬ ಹೆಸರು ಬಿದ್ದವನ ಕೈಗೆ ಬೇರೆ ಯಾರೂ ಮೋಟಾರು ಕೊಡಲಿಲ್ಲ. ಅವನು ನರಗುಂದದ ಪೇಟೆಯಲ್ಲಿ ಹಮಾಲಿಗೆ ಇಳಿದ.

ಮುಂದಿನ ಖಂಡೇಪೂಜೆಗೆ ಮೋಟಾರು ಮತ್ತೆ ಬಣ್ಣಕ್ಕೆ ಬಂತು. ಅಕ್ಬರಸಾಬ ಎಡಗಡೆ ದೀಪ ಬಿಚ್ಚಿ ಅದರ ಬುಡ ನೋಡಿದ. ದೀಪಕ್ಕೆ ಬರುವ ತಂತಿ ಒಂದೇ. ಕರೆಂಟು ಮರಳುವುದು ಮೋಟಾರಿನ ಕಬ್ಬಿಣದ ಮೈಯಿಂದ. ಕಬ್ಬಿಣಕ್ಕೆ ಕಬ್ಬಿಣ ಮುಟ್ಟಬೇಕಾದಲ್ಲಿ ಅವನೇ ಬಳಿದ ಬಣ್ಣ ದಪ್ಪಗೆ ಕೂತಿತ್ತು. ಎಳ್ಳಿನಷ್ಟು ಜಾಗ ಮಾತ್ರ ಸವೆದು ಹೊಳೆಯುತ್ತಿತ್ತು. ಕೈ ಊರಿದರೆ ಅದು ಮುಟ್ಟುತ್ತಿತ್ತು, ಗಾಡಿ ಕುಲುಕಿದರೆ ಬಿಡುತ್ತಿತ್ತು. ದೀಪ ಕೂರಿಸುವ ಮೊದಲು ಬಣ್ಣ ಕೆರೆಯಬೇಕೆಂದು ಅವನಿಗೆ ಗೊತ್ತಿತ್ತು. ಹಬ್ಬದ ಅವಸರದಲ್ಲಿ ಕೆರೆದಿರಲಿಲ್ಲ.

ಈಗ ಕೆರೆದ. ದೀಪ ಕೂರಿಸಿದ. ಯಾರಿಗೂ ಹೇಳಲಿಲ್ಲ. ಹೇಳಿದರೆ ಸಾಹುಕಾರನ ಕೆಲಸ ತಪ್ಪುತ್ತದೆ ಎಂಬ ಅಂಜಿಕೆ.

ಎರಡು ವರ್ಷ ಹಾಗೇ ನುಂಗಿಕೊಂಡ. ಕಡೆಗೆ ತಡೆಯಲಾರದೆ ನರಗುಂದಕ್ಕೆ ಹೋಗಿ, ಹತ್ತಿ ತುಂಬಿದ ದೊಡ್ಡ ಚೀಲಗಳ, ಅಂಡಿಗೆಗಳ, ನಡುವೆ ಬೀಡಿ ಸೇದುತ್ತ ಕೂತಿದ್ದ ಅಂದಾನೆಪ್ಪನೆದುರು ನಿಂತು ಎಲ್ಲ ಹೇಳಿದ.

"ನನಗ್ಯಾಕ ಹೇಳ್ತೀರಿ ಸಾಬರ? ನಾ ಸುಳ್ಳ ಹೇಳಿಲ್ಲಂತ ನನಗ ಅವತ್ತೇ ಗೊತ್ತಿತ್ತು. ಸಾವ್ಕಾರನ ಮುಂದ ಹೇಳ್ರಿ."

"ಹೇಳ್ತೀನಪಾ. ಮತ್ತ ಡ್ರೈವರ್ಕಿ ಕೊಡಸ್ತೀನಿ."

ಅಂದಾನೆಪ್ಪ ಬಲಗೈ ಮುಂದೆ ಚಾಚಿದ. ಬಂಡಿಯಿಂದ ಜಾರಿದ ಅಂಡಿಗೆ ಮೂರು ಬೆರಳನ್ನು ಜಜ್ಜಿಹಾಕಿತ್ತು. "ಯಾವ ಕೈಲೆ ಗಾಡಿ ಹೊಡೀಲ್ರಿ?"

ಅಕ್ಬರಸಾಬ ಗಜೇಂದ್ರಗಡಕ್ಕೂ ಹೋದ. ತಕ್ಕಡಿಯ ಮುಂದೆ, ರೈತರೆದುರು, ತಪ್ಪು ತನ್ನದೆಂದ.

"ಆ ಮೋಟಾರೇ ಮಾರೇನಿ. ಇನ್ನ ದೀಪದ ಮಾತ್ಯಾಕೋ?" ಎಂದು ಪ್ರಭುಲಿಂಗಪ್ಪ ತೂಕ ಮುಂದುವರಿಸಿದ.

ಅಕ್ಬರಸಾಬ ಈಗಲೂ ಬೇವಿನ ಗಿಡದ ಕೆಳಗೆ ಕೂರುತ್ತಾನೆ. ದೀಪ ಪರೀಕ್ಷಿಸುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಲ್ಲುತ್ತಾನೆ. ಅದರಿಂದ ಅಂದಾನೆಪ್ಪನ ಬೆರಳು ಚಿಗುರುವುದಿಲ್ಲ.

ಅಂದು ತಕ್ಕಡಿಯ ಸುತ್ತ ನಿಂತ ರೈತರು ಎಲ್ಲ ಕೇಳಿಯೂ ಸುಮ್ಮನಿದ್ದರು. ನೀವು ಸುಮ್ಮನಿರಬೇಡಿ. ಈ ಸುಗ್ಗಿಗೆ ಪ್ರಭುಲಿಂಗಪ್ಪನ ಅಂಗಡಿಗೆ ಹತ್ತಿ ಒಯ್ದರೆ ಬಂಡಿಯಿಂದ ಒಂದು ಅಂಡಿಗೆಯನ್ನೂ ಇಳಿಸುವ ಮೊದಲು ಕೇಳಿ: ಅಂದಾನೆಪ್ಪನ ಇಪ್ಪತ್ತೆರಡು ದಿನದ ಪಗಾರ ಎಲ್ಲಿ?